ನೆಕ್ಸ್ಟ್, ನೆಕ್ಸ್ಟ್, ಫಿನಿಶ್: ನಮ್ಮ ಮನೆ ಕಂಪ್ಯೂಟರಿಗೆ ಆಡ್‌ವೇರ್ ಬಂದ ಇತಿಹಾಸ

ಇವತ್ತಿನ ಮಾತು ರಾಜಮಹಾರಾಜರ ಇತಿಹಾಸ ಅಲ್ಲ. ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿಯ ನಮ್ಮ ಮನೆಗಳ ಹಾಲ್‌ನಲ್ಲಿ, ಮೂಲೆ ಟೇಬಲ್ ಮೇಲೆ ಕವರ್ ಹೊದ್ದುಕೊಂಡು ಕೂತಿರುತ್ತಲ್ಲ, ಆ ಹಳೇ ಕಂಪ್ಯೂಟರಿನ ಇತಿಹಾಸ.

ಒಂದು ರಾತ್ರಿ ನಾನು ಐರೋಲಿಯಿಂದ ಆಗಷ್ಟೇ ಮನೆಗೆ ಬಂದಿದ್ದೆ. ಥಾಣೆಯಲ್ಲಿ ಟ್ರೇನ್ ಬದಲಾಯಿಸಿ, ನಿಂತುಕೊಂಡೇ ಬಂದು, ಇನ್ನೂ ಶೂ ಬಿಚ್ಚಿರಲಿಲ್ಲ. ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು ಬೆಲ್ ಮಾಡಿದರು. ಉಡುಪಿ ಕಡೆಯವರು, ನಾನು ಮಾವ ಅಂತ ಕರೆಯೋದು. ಹೋಗಿ ನೋಡಿದರೆ ಅವರ ಕಂಪ್ಯೂಟರಿನ ತುಂಬ ಕೆಂಪು ಪರದೆ, ಸೈರನ್ ಥರ ಶಬ್ದ, 'ವೈರಸ್ ಬಂದಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ' ಅಂತ ಎಚ್ಚರಿಕೆ. ಮಾವ ಆಗಲೇ ಎರಡು ಸಲ ಡಯಲ್ ಮಾಡಿದ್ದರು. ಅದೃಷ್ಟಕ್ಕೆ ಎರಡು ಸಲವೂ ಎಂಗೇಜ್. ಪೆನ್ಶನ್ ಬರುವ ಖಾತೆಯನ್ನು ಅವರು ನೋಡೋದು ಇದೇ ಕಂಪ್ಯೂಟರಿನಲ್ಲಿ.

"ಮಾರಾಯ, ನಾನೆಂತ ಮಾಡ್ಲಿಲ್ಲ. ಅದಾಗಿಯೇ ಬಂತು," ಅಂದರು.

ಅದಾಗಿಯೇ ಬಂತಾ? ಈ ಪ್ರಶ್ನೆಗೆ ಉತ್ತರ ಹೇಳೋಕೆ ಸುಮಾರು ಮೂವತ್ತು ವರ್ಷ ಹಿಂದೆ ಹೋಗಬೇಕು.

ಮೊದಲು ಕೇಳಿಕೊಂಡೇ ಬರ್ತಿತ್ತು

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಆ ಕಾಲದಲ್ಲಿ ಸಾಫ್ಟ್‌ವೇರ್ ಅಂದರೆ ದುಡ್ಡು ಕೊಟ್ಟು ತರುವ ವಸ್ತು. ಕೊಡೋಕಾಗದವರಿಗೆ ಕೆಲವರು ಇನ್ನೊಂದು ದಾರಿ ಕೊಟ್ಟರು: ಮೂಲೆಯಲ್ಲಿ ಒಂದು ಜಾಹೀರಾತು ತೋರಿಸ್ತೀವಿ, ಬೇಡ ಅಂದರೆ ದುಡ್ಡು ಕೊಡಿ. ಯೂಡೋರಾ ಅನ್ನೋ ಇಮೇಲ್ ತಂತ್ರಾಂಶ 2000ದಲ್ಲಿ ಹೀಗೆ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಒಪೆರಾ ಬ್ರೌಸರ್ ಕೂಡ ಅದೇ ದಾರಿ ಹಿಡಿಯಿತು, 2005ರವರೆಗೂ ಹಾಗೇ ನಡೆಸಿತು. ಇದರಲ್ಲಿ ಮೋಸ ಇರಲಿಲ್ಲ. ಪೇಪರಿನಲ್ಲಿ ಜಾಹೀರಾತು ಇರೋದರಿಂದಲೇ ಅದು ನಮಗೆ ಕಡಿಮೆ ಬೆಲೆಗೆ ಸಿಗುತ್ತೆ ಅಲ್ವಾ, ಅದೇ ಲೆಕ್ಕ. 'ಆಡ್‌ವೇರ್' ಅನ್ನೋದು ಆಗ ಬೈಗುಳ ಆಗಿರಲಿಲ್ಲ.

ಕೆಡೋಕೆ ಶುರುವಾಗಿದ್ದು ಬೇರೆ ಕಡೆಯಿಂದ. ಉಚಿತ ತಂತ್ರಾಂಶಗಳ ಜೊತೆ ಔರಿಯೇಟ್ ಅನ್ನೋ ಕಂಪನಿಯ ಜಾಹೀರಾತು ತುಣುಕೊಂದು ಬರುತ್ತಿತ್ತು. ಮೂಲ ತಂತ್ರಾಂಶ ತೆಗೆದುಹಾಕಿದರೂ ಅದು ಮಾತ್ರ ಒಳಗೇ ಉಳಿಯುತ್ತಿತ್ತು. ಬಾಡಿಗೆಯವರು ಮನೆ ಖಾಲಿ ಮಾಡಿ ಹೋದಮೇಲೂ ಅವರ ನೆಂಟ ಅಲ್ಲೇ ಉಳಿದ ಹಾಗೆ. ಸ್ಟೀವ್ ಗಿಬ್ಸನ್ ಅನ್ನೋ ಅಮೆರಿಕದ ಪ್ರೋಗ್ರಾಮರ್ 2000ದಲ್ಲಿ ಅದನ್ನು ಕಿತ್ತುಹಾಕೋಕೆ 'ಆಪ್ಟ್‌ಔಟ್' ಅಂತ ಒಂದು ಪುಟ್ಟ ಸಾಧನ ಬರೆದರು.

ಆಮೇಲೆ ಗೇಟರ್. ಫಾರ್ಮ್ ತುಂಬಿಕೊಡ್ತೀನಿ, ಪಾಸ್‌ವರ್ಡ್ ನೆನಪಿಡ್ತೀನಿ ಅಂತ ಬಂದು, ನಾವು ನೋಡುತ್ತಿದ್ದ ಬೇರೆಯವರ ಪುಟಗಳ ಮೇಲೆ ತನ್ನ ಜಾಹೀರಾತು ಅಂಟಿಸುತ್ತಿತ್ತು. 2002ರಲ್ಲಿ ವಾಷಿಂಗ್ಟನ್ ಪೋಸ್ಟ್ ಸೇರಿ ಹಲವು ಪತ್ರಿಕಾ ಸಂಸ್ಥೆಗಳು ಕೋರ್ಟಿಗೆ ಹೋದವು. 2003ರಲ್ಲಿ ಗೇಟರ್ ತನ್ನ ಹೆಸರನ್ನು ಕ್ಲಾರಿಯಾ ಅಂತ ಬದಲಿಸಿಕೊಂಡಿತು, 2006ರಲ್ಲಿ ಆ ವ್ಯಾಪಾರದಿಂದಲೇ ಹೊರಬಂತು. ಪರದೆ ಮೇಲೆ ಕುಣಿಯುತ್ತಿದ್ದ ನೇರಳೆ ಬಣ್ಣದ ಗೊರಿಲ್ಲಾ ಬೊಂಜಿ ಬಡ್ಡಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದೂ ಇದೇ ಸಾಲಿನದು.

ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್

ಈಗ ನಮ್ಮ ಊರಿಗೆ ಬರೋಣ. ಎರಡು ಸಾವಿರದ ಆಚೀಚೆ ಈ ಕಡೆ ಕಂಪ್ಯೂಟರ್ ಕೊಂಡ ಎಷ್ಟೋ ಮನೆಗಳು ಬ್ರ್ಯಾಂಡೆಡ್ ಕೊಳ್ಳಲಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಗುರುತಿನವರೊಬ್ಬರು 'ಅಸೆಂಬಲ್' ಮಾಡಿಕೊಡೋರು. ವಿಂಡೋಸ್ ಸಿಡಿ ಅವರದೇ, ಒಂದೇ ಸಿಡಿ ಹತ್ತು ಮನೆಗೆ. ಇದರಿಂದ ಒಂದು ಅಭ್ಯಾಸ ಬೆಳೆಯಿತು: ಅಪ್‌ಡೇಟ್ ಮಾಡಬಾರದು. ಮಾಡಿದರೆ 'ನಿಮ್ಮದು ಅಸಲಿ ಅಲ್ಲ' ಅಂತ ತೋರಿಸುತ್ತೆ ಅನ್ನೋ ಭಯ. ಮೈಕ್ರೋಸಾಫ್ಟ್ 2004ರ ಆಗಸ್ಟಿನಲ್ಲಿ ಎಕ್ಸ್‌ಪಿಗೆ ಎರಡನೇ ಸರ್ವೀಸ್ ಪ್ಯಾಕ್ ಬಿಟ್ಟಿತು. ಪಾಪ್‌ಅಪ್ ತಡೆಯೋ ವ್ಯವಸ್ಥೆ ಬಂದಿದ್ದೇ ಅದರಲ್ಲಿ. ಅಪ್‌ಡೇಟ್‌ಗೆ ಹೆದರಿದವರಿಗೆ ಅದೂ ಸಿಗಲಿಲ್ಲ.

ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ದೊಡ್ಡ ಕಂಪನಿಗಳಿಗಿಂತ ಹೆಚ್ಚಾಗಿ ಬಿಡಿ ಬಿಡಿ ಜನ. ಆಡ್-ಅವೇರ್ ಇತ್ತು. ಪ್ಯಾಟ್ರಿಕ್ ಕೋಲಾ ಅನ್ನೋ ಜರ್ಮನ್ ಪ್ರೋಗ್ರಾಮರ್ ಬರೆದ ಸ್ಪೈಬಾಟ್ ಇತ್ತು. ನೆದರ್ಲೆಂಡ್ಸಿನ ವಿದ್ಯಾರ್ಥಿ ಮೆರಿನ್ ಬೆಲೆಕಾಮ್ 'ಹೈಜಾಕ್‌ದಿಸ್' ಬರೆದು ಪುಕ್ಕಟೆ ಹಂಚಿದರು. 2004ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಜೈಂಟ್ ಅನ್ನೋ ಸಣ್ಣ ಕಂಪನಿಯನ್ನು ಕೊಂಡಿತು. ಇವತ್ತು ನಿಮ್ಮ ವಿಂಡೋಸ್ ಒಳಗಿರೋ ಡಿಫೆಂಡರ್‌ನ ಮೂಲ ಅಲ್ಲಿದೆ. 2006ರ ನವೆಂಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ ಜೊತೆಗಿನ ಒಪ್ಪಂದದಲ್ಲಿ ಜ್ಯಾಂಗೋ ಅನ್ನೋ ಆಡ್‌ವೇರ್ ಕಂಪನಿ 30 ಲಕ್ಷ ಡಾಲರ್ ಕಟ್ಟಬೇಕಾಯಿತು. ಜನರಿಗೆ ಸರಿಯಾಗಿ ತಿಳಿಸದೆ, ಒಪ್ಪಿಗೆ ಪಡೆಯದೆ ಇನ್‌ಸ್ಟಾಲ್ ಮಾಡಿಸಿದ್ದು ಅದರ ಮೇಲಿದ್ದ ಆರೋಪ.

ಒಪ್ಪಿಗೆ. ಇಡೀ ಕಥೆಯ ತಿರುಳು ಆ ಪದದಲ್ಲಿದೆ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ನೋಡಿ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿಗೆ ವೈರಸ್ ಅಥವಾ ಕೆಡಿಸುವ ಪ್ರೋಗ್ರಾಂ ಹಾಕಿದರೆ ಪರಿಹಾರ ಕೊಡಬೇಕು. 2008ರ ತಿದ್ದುಪಡಿಯ ನಂತರ, ವಂಚನೆಯ ಉದ್ದೇಶದಿಂದ ಅದನ್ನು ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಆದರೆ ಆಡ್‌ವೇರ್ ಮಾಡುವವನು ಹೇಳೋದೇನು? 'ಅನುಮತಿ ಕೊಟ್ಟಿದ್ದಾರಲ್ಲ ಸ್ವಾಮಿ. ನೆಕ್ಸ್ಟ್ ಒತ್ತಿದವರು ಅವರೇ.' ಕಳ್ಳ ಬೀಗ ಒಡೆದು ಬಂದರೆ ಕೇಸ್ ಸುಲಭ. ಬಾಗಿಲು ತೆಗೆಸಿಕೊಂಡು ಬಂದರೆ ಕಷ್ಟ.

ಟೂಲ್‌ಬಾರ್ ಕಾಲ

ಇಲ್ಲಿಂದ ಎರಡನೇ ಅಲೆ. ಒಂದು ಇನ್‌ಸ್ಟಾಲಿಗೆ ಇಷ್ಟು ಅಂತ ದುಡ್ಡು ಕೊಡುವ ಪದ್ಧತಿ ಬೆಳೆಯಿತು. ಒಳ್ಳೆಯ ತಂತ್ರಾಂಶದ ಇನ್‌ಸ್ಟಾಲರಿನಲ್ಲಿ, ಮೊದಲೇ ಟಿಕ್ ಹಾಕಿಟ್ಟ ಒಂದು ಸಣ್ಣ ಚೌಕ. ಜಾವಾ ಜೊತೆ ಆಸ್ಕ್ ಟೂಲ್‌ಬಾರ್ ಬರುತ್ತಿದ್ದದ್ದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ! 2011ರ ಡಿಸೆಂಬರಿನಲ್ಲಿ ಇನ್ನೊಂದು ಗಲಾಟೆ. ಎನ್‌ಮ್ಯಾಪ್ ಅನ್ನೋ ಮುಕ್ತ ತಂತ್ರಾಂಶಕ್ಕೆ ಡೌನ್‌ಲೋಡ್ ಡಾಟ್ ಕಾಮ್ ತನ್ನದೇ ಹೊದಿಕೆ ಹಾಕಿ ಟೂಲ್‌ಬಾರ್ ಸೇರಿಸಿ ಹಂಚುತ್ತಿದೆ ಅಂತ ಅದರ ಕರ್ತೃವೇ ಬಹಿರಂಗವಾಗಿ ದೂರಿದರು.

2015ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೆನೊವೊ ಕೆಲವು ಲ್ಯಾಪ್‌ಟಾಪ್‌ಗಳನ್ನು ಸೂಪರ್‌ಫಿಶ್ ಅನ್ನೋ ಜಾಹೀರಾತು ತಂತ್ರಾಂಶ ಹಾಕಿಯೇ ಮಾರಿತ್ತು. ಅದು ಜಾಹೀರಾತು ತೋರಿಸೋಕೆ ತನ್ನದೇ ರೂಟ್ ಸರ್ಟಿಫಿಕೇಟ್ ಕೂರಿಸಿ, ಬೀಗದ ಗುರುತಿರುವ ಸುರಕ್ಷಿತ ಪುಟಗಳ ನಡುವೆಯೂ ಕೈ ಹಾಕುತ್ತಿತ್ತು. ಎಲ್ಲ ಯಂತ್ರಕ್ಕೂ ಒಂದೇ ಖಾಸಗಿ ಕೀ. ಅದರ ಪಾಸ್‌ವರ್ಡನ್ನು ಸಂಶೋಧಕರೊಬ್ಬರು ಬಹಳ ಬೇಗ ಒಡೆದರು. ಅಂದರೆ ಅದೇ ವೈಫೈಯಲ್ಲಿ ಕೂತ ಅಪರಿಚಿತ ನಿಮ್ಮ ಬ್ಯಾಂಕಿನ ವೇಷ ಹಾಕಬಹುದಿತ್ತು. 2017ರಲ್ಲಿ ಎಫ್‌ಟಿಸಿ ಮತ್ತು 32 ರಾಜ್ಯಗಳ ಜೊತೆ ಲೆನೊವೊ ರಾಜಿ ಮಾಡಿಕೊಂಡಿತು, ಮೊತ್ತ 35 ಲಕ್ಷ ಡಾಲರ್. ಇಲ್ಲಿ ಗ್ರಾಹಕ ನೆಕ್ಸ್ಟ್ ಕೂಡ ಒತ್ತಿರಲಿಲ್ಲ ಅನ್ನೋದು ಗಮನಿಸಿ.

2017ರ ಜೂನ್, ನವಿಮುಂಬಯಿ

ಆ ವರ್ಷದ ಜೂನ್ 1ರಂದು ಚೆಕ್ ಪಾಯಿಂಟ್ ಕಂಪನಿ ಒಂದು ವರದಿ ಹೊರಹಾಕಿತು. ಬೀಜಿಂಗಿನ ರಾಫೋಟೆಕ್ ಅನ್ನೋ ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆಯ 'ಫೈರ್‌ಬಾಲ್' ಆಡ್‌ವೇರ್ ಪ್ರಪಂಚದಲ್ಲಿ 25 ಕೋಟಿ ಕಂಪ್ಯೂಟರಿಗೆ ತಗುಲಿದೆ, ಅತಿ ಹೆಚ್ಚು ಭಾರತದಲ್ಲಿ, ಸುಮಾರು 2.53 ಕೋಟಿ ಅಂತ. ಅಷ್ಟಿಲ್ಲ, ಲೆಕ್ಕ ಜಾಸ್ತಿ ಹೇಳಿದ್ದಾರೆ ಅಂತ ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಸಂಖ್ಯೆ ಏನೇ ಇರಲಿ, ಕೆಲಸ ಮಾಡುವ ರೀತಿ ಸ್ಪಷ್ಟ ಇತ್ತು. ಉಚಿತ ತಂತ್ರಾಂಶಗಳ ಬೆನ್ನೇರಿ ಬರುತ್ತೆ, ಬ್ರೌಸರಿನ ಹೋಮ್‌ಪೇಜ್ ಮತ್ತು ಸರ್ಚ್ ಬದಲಿಸುತ್ತೆ. ಮುಖ್ಯವಾದದ್ದು ಇದು: ಮಾಲೀಕರು ಮನಸ್ಸು ಮಾಡಿದರೆ ಆ ಕಂಪ್ಯೂಟರಿನಲ್ಲಿ ಯಾವ ಕೋಡ್ ಬೇಕಾದರೂ ಓಡಿಸಬಹುದು. ಇವತ್ತು ಜಾಹೀರಾತು, ನಾಳೆ ಏನು ಬೇಕಾದರೂ.

ಆ 'ಏನು ಬೇಕಾದರೂ' ಹೇಗಿರುತ್ತೆ ಅಂತ ಅದೇ ತಿಂಗಳಲ್ಲಿ ನವಿಮುಂಬಯಿ ನೋಡಿತು. ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಹೊರಟ ನಾಟ್‌ಪೆಟ್ಯಾ ಮರ್ಸ್ಕ್ ಕಂಪನಿಯ ಜಾಲಕ್ಕೆ ಹೊಕ್ಕಿತು. ಆ ಗುಂಪು ನಡೆಸುತ್ತಿದ್ದ ಜೆಎನ್‌ಪಿಟಿಯ ಕಂಟೇನರ್ ಟರ್ಮಿನಲ್, ನಮ್ಮ ನ್ಹಾವಾ ಶೇವಾದಲ್ಲೇ, ಸ್ತಬ್ಧವಾಯಿತು. ಫೈರ್‌ಬಾಲಿಗೂ ಇದಕ್ಕೂ ಸಂಬಂಧ ಇಲ್ಲ, ತಪ್ಪು ತಿಳಿಯಬೇಡಿ. ಆದರೆ ಪಾಠ ಒಂದೇ. ನಂಬಿ ಬಾಗಿಲು ತೆಗೆದಮೇಲೆ ಒಳಗೆ ಬರೋದು ಏನು ಅಂತ ನಿರ್ಧರಿಸೋರು ನಾವಲ್ಲ.

ಆ ಫೋನ್ ನಂಬರಿನ ಆಚೆ ಯಾರು?

ಮಾವನ ಪರದೆ ಮೇಲಿದ್ದ ನಂಬರಿಗೂ ಒಂದು ಇತಿಹಾಸ ಇದೆ, ಅದು ನಮಗೆ ಮುಜುಗರದ ಇತಿಹಾಸ. 2016ರ ಅಕ್ಟೋಬರಿನ ಮೊದಲ ವಾರ ಥಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದರು. ಅಮೆರಿಕದ ತೆರಿಗೆ ಅಧಿಕಾರಿಗಳ ಹಾಗೆ ಮಾತಾಡಿ, ಅಲ್ಲಿನವರನ್ನು ಹೆದರಿಸಿ ದುಡ್ಡು ಕೀಳುವ ದಂಧೆ. ಸುಮಾರು 70 ಮಂದಿಯನ್ನು ಬಂಧಿಸಿದರು, ಇನ್ನೂ ನೂರಾರು ನೌಕರರನ್ನು ವಿಚಾರಿಸಿದರು. ಎಷ್ಟೋ ಜನ ಆಗಷ್ಟೇ ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ ಹುಡುಗಿಯರು. ಅದು ತೆರಿಗೆ ಹೆಸರಿನ ಮೋಸ, ಆಡ್‌ವೇರ್ ಅಲ್ಲ. ಆದರೆ ಹೆದರಿಸಿ ದುಡ್ಡು ಮಾಡುವ ಅದೇ ಕಸುಬಿನ ಇನ್ನೊಂದು ಕವಲು 'ವೈರಸ್ ಬಂದಿದೆ' ಪಾಪ್‌ಅಪ್. 2018ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ದೂರಿನ ಮೇಲೆ ನೋಯ್ಡಾ, ಗುರುಗ್ರಾಮಗಳಲ್ಲಿ ಇಂಥ 16 ಕಾಲ್ ಸೆಂಟರುಗಳ ಮೇಲೆ ದಾಳಿ ಆಯಿತು. ಇಲ್ಲಿ ಜಾಹೀರಾತು ಬಲೆ, ಫೋನ್ ಗಾಳ. ಮೊದಲು ದೂರದ ದೇಶದ ಅಜ್ಜ ಅಜ್ಜಿಯರು ಸಿಕ್ಕಿಬೀಳುತ್ತಿದ್ದರು. ಈಗ ನಮ್ಮ ಮಾವನ ಸರದಿ.

ಆ ರಾತ್ರಿ ಮಾಡಿದ್ದು

ಮೊದಲು ವೈಫೈ ಆಫ್ ಮಾಡಿದೆ. ಎಸ್ಕೇಪ್ ಕೀ ಒತ್ತಿ ಹಿಡಿದರೆ ಪೂರ್ತಿ ಪರದೆ ಬಿಡುತ್ತೆ, ಬಿಡದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಬೇಕು. ಮತ್ತೆ ತೆರೆದಾಗ 'ಹಳೇ ಪುಟ ತರಲಾ' ಅಂದರೆ ಬೇಡ ಅನ್ನಿ.

ಆಮೇಲೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ನೋಡಿದೆ. ಗುರುತಿಲ್ಲದ ಮೂರು ಸೈಟಿಗೆ 'ಅಲೋ' ಇತ್ತು. ಈಗಿನ ಕಾಲದ ಆಡ್‌ವೇರ್ ಎಷ್ಟೋ ಸಲ ಇಷ್ಟೇ, ಫೈಲೂ ಇಲ್ಲ ಮಣ್ಣೂ ಇಲ್ಲ. ನಂತರ ಎಕ್ಸ್‌ಟೆನ್ಷನ್‌ಗಳು. ಒಳ್ಳೆಯದನ್ನೇ ಹಾಕಿದ್ದರೂ ಮಾಲೀಕರು ಬದಲಾಗಬಹುದು. ಗ್ರೇಟ್ ಸಸ್ಪೆಂಡರ್ 2020ರಲ್ಲಿ ಕೈ ಬದಲಾಯಿತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಅಂತ ತೆಗೆದುಹಾಕಿತು.

ಮೂರನೆಯದು, ಇನ್‌ಸ್ಟಾಲ್ ಆದ ಪ್ರೋಗ್ರಾಂಗಳನ್ನು ದಿನಾಂಕದ ಪ್ರಕಾರ ಜೋಡಿಸಿದೆ. ವಾರದ ಹಿಂದೆ ಒಂದೇ ದಿನ ನಾಲ್ಕು ಬಂದಿದ್ದವು. ಏನು ಹಾಕಿದ್ರಿ ಮಾವ ಅಂದರೆ, ಸಂಘದ ಆಮಂತ್ರಣ ಬರೆಯೋಕೆ ಕನ್ನಡ ಟೈಪಿಂಗ್ ಬೇಕಿತ್ತಂತೆ. ಯಾವುದೋ ಡೌನ್‌ಲೋಡ್ ಪುಟದಲ್ಲಿ ಹಸಿರು ಬಟನ್ ಒತ್ತಿದ್ದಾರೆ. ಅದು ತಂತ್ರಾಂಶದ ಬಟನ್ ಅಲ್ಲ, ಜಾಹೀರಾತಿನ ಬಟನ್.

ಅವನ್ನು ತೆಗೆದು, ಟಾಸ್ಕ್ ಶೆಡ್ಯೂಲರ್, ಪ್ರಾಕ್ಸಿ ಸೆಟ್ಟಿಂಗ್, ಬ್ರೌಸರ್ ಶಾರ್ಟ್‌ಕಟ್ ಕೊನೆಯಲ್ಲಿ ಅಂಟಿಕೊಂಡ ವಿಳಾಸ ಎಲ್ಲ ನೋಡಿದೆ. ಆಡ್‌ಡಬ್ಲ್ಯೂಕ್ಲೀನರ್ ಅನ್ನು ಅದರ ಮಾಲೀಕ ಕಂಪನಿ ಮಾಲ್‌ವೇರ್‌ಬೈಟ್ಸ್ ಸೈಟಿನಿಂದಲೇ ಇಳಿಸಿ ಓಡಿಸಿದೆ, ಕೊನೆಗೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಸೆಕ್ಯೂರಿಟಿಯಲ್ಲಿ 'ಬೇಡದ ಆ್ಯಪ್ ತಡೆ' ಅನ್ನೋ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಬ್ಯಾಂಕ್ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿದೆವು. ದುಡ್ಡು ಹೋಗಿದ್ದರೆ ಮಾತ್ರ ಇಷ್ಟಕ್ಕೇ ನಿಲ್ಲಬಾರದು: ತಕ್ಷಣ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ. ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಶುರುವಾದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಉಚಿತ ಸಾಧನಗಳನ್ನೂ ಕೊಡುತ್ತೆ. ಇನ್ನೊಂದು ಮಾತು, ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯ ಹಳೇ ಕಂಪ್ಯೂಟರ್ ಯಾವುದರಲ್ಲಿದೆ ನೋಡಿಕೊಳ್ಳಿ.

ಮಾವನಿಗೆ ನಾನು 'ಯಾಕೆ ಒತ್ತಿದ್ರಿ' ಅಂತ ಕೇಳಲಿಲ್ಲ. ಕೇಳಿದ್ದರೆ ಮುಂದಿನ ಸಲ ಅವರು ನನ್ನ ಬೆಲ್ ಒತ್ತುತ್ತಿರಲಿಲ್ಲ, ನಾಚಿಕೆಯಿಂದ ಆ ನಂಬರನ್ನೇ ಮತ್ತೆ ಒತ್ತುತ್ತಿದ್ದರು. ಬೈಸಿಕೊಳ್ಳೋ ಭಯವೇ ಮೋಸಗಾರರ ದೊಡ್ಡ ಬಂಡವಾಳ. ಅದೂ ಅಲ್ಲದೆ, ಟಿಕ್ ಹಾಕಿದ ಆ ಚೌಕವನ್ನು ಬರೆದವರು ನಮ್ಮ ಥರದ ಎಂಜಿನಿಯರುಗಳೇ. ಐರೋಲಿ, ಮಹಾಪೆಯಲ್ಲಿ ಕೂತು ನಾಳೆ ನಮಗೂ ಯಾರಾದರೂ 'ಈ ಬಾಕ್ಸ್ ಡೀಫಾಲ್ಟ್ ಆನ್ ಇರಲಿ' ಅನ್ನಬಹುದು. ಆಗ ಮಾವನ ಮುಖ ನೆನಪಾಗಲಿ.

ಅದಾಗಿಯೇ ಬರಲಿಲ್ಲ ಮಾವ. ಆದರೆ ತಪ್ಪು ನಿಮ್ಮದೂ ಅಲ್ಲ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪ ಅಮ್ಮನಿಗೆ ಒಂದೇ ಮಾತು ಹೇಳಿ: ಪರದೆ ಮೇಲೆ ಬಂದ ನಂಬರಿಗೆ ಫೋನ್ ಮಾಡಬೇಡಿ, ನನಗೆ ಮಾಡಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.