ಬಡಕಲು ಕುದುರೆಯ ಚೆಲುವು

ತಾಳಿಕೋಟೆ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ನೆನಪಿಗೆ ಬರುವುದು ಯುದ್ಧ. 1565ರ ಜನವರಿ 23ರಂದು ದಖ್ಖನಿನ ಸುಲ್ತಾನರ ಕೂಡುಪಡೆಗಳು ವಿಜಯನಗರದ ಸೇನೆಯನ್ನು ಸೋಲಿಸಿದವು. ರಾಮರಾಯನು ರಣರಂಗದಲ್ಲಿ ಹತನಾದನು. ಶಾಲೆಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ ಸಂಗತಿಯಿದು. ಆದರೆ ಕಾಳಗ ನಡೆದದ್ದು ಊರಿನಿಂದ ದೂರ, ಕೃಷ್ಣಾ ನದಿಯ ಆಸುಪಾಸಿನಲ್ಲಿ. ತಾಳಿಕೋಟೆ ಸುಲ್ತಾನರ ಸೇನೆ ಬೀಡುಬಿಟ್ಟ ನೆಲ, ಅಷ್ಟೇ. ಡೋಣಿ ನದಿಯ ದಂಡೆಯ ಈ ಊರು ಜೋಳ ಬೆಳೆಯುವ ಎರೆಮಣ್ಣಿಗೂ ಮನೆಯ ನೆಲಕ್ಕೆ ಹಾಸುವ ಫರಸಿ ಕಲ್ಲಿಗೂ ಸೇರಿದ್ದು. ಆದರೂ ಇತಿಹಾಸವು ಅದರ ಹೆಸರಿಗೆ ಒಂದು ದಿನದ ರಕ್ತವನ್ನು ಅಂಟಿಸಿಬಿಟ್ಟಿತು.

ಹಾಗಾದರೆ ಈ ಸೀಮೆಗೆ ಬೇರೆ ಇತಿಹಾಸವೇ ಇಲ್ಲವೇ? ಇದೆ. ಅದು ಕತ್ತಿ ಹಿಡಿದವರದ್ದಲ್ಲ, ಕುಂಚ ಹಿಡಿದವರದ್ದು. ಅವರಲ್ಲಿ ಹೆಚ್ಚಿನವರು ತಮ್ಮ ಹೆಸರನ್ನೂ ಬಿಟ್ಟುಹೋಗಲಿಲ್ಲ.

ಯುದ್ಧದ ನಂತರ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಆದಿಲ್‌ಶಾಹಿ ಅರಸರ ಬಲವೂ ಸಂಪತ್ತೂ ಬೆಳೆದವು. ನಗರದ ಕೋಟೆಗೋಡೆ ಪೂರ್ಣಗೊಂಡದ್ದು ಅದೇ 1565ರಲ್ಲಿ. ಅಲ್ಲಿ ಅರಳಿದ ಕಲೆಯನ್ನು ಮೆಚ್ಚುವಾಗ, ಅದನ್ನು ಪೋಷಿಸಿದ ಬೊಕ್ಕಸಕ್ಕೆ ಹಂಪೆಯ ಕೊಳ್ಳೆಯೂ ಸೇರಿತ್ತೆಂಬುದನ್ನು ಮರೆಯಬಾರದು. ಒಬ್ಬರ ಮನೆ ಬೆಳಗಿದ ದೀಪಕ್ಕೆ ಇನ್ನೊಬ್ಬರ ಮನೆ ಉರಿದ ಬೆಂಕಿ ತಗಲಿರುವುದು ಚರಿತ್ರೆಯಲ್ಲಿ ಅಪರೂಪವೇನೂ ಅಲ್ಲ. ಕಲಾವಿದನಿಗೆ ತನ್ನ ಒಡೆಯನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅಷ್ಟಾಗಿ ಇರಲಿಲ್ಲ. ಆದರೆ ಒಡೆಯನ ವೈಭವದ ನಡುವೆ ನಿಂತು ಯಾವುದನ್ನು ಪ್ರೀತಿಯಿಂದ ನೋಡಬೇಕೆಂಬುದು ಅವನ ಕಣ್ಣಿಗೆ ಬಿಟ್ಟ ವಿಷಯವಾಗಿತ್ತು.

ಯುದ್ಧ ಮುಗಿದ ಐದು ವರ್ಷಕ್ಕೆ, 1570ರಲ್ಲಿ, ಒಂದನೆಯ ಅಲಿ ಆದಿಲ್‌ಶಾಹನ ಆಸ್ಥಾನದಲ್ಲಿ 'ನುಜೂಮ್ ಅಲ್ ಉಲೂಮ್' ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಇಂದು ಅದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನಕ್ಷತ್ರ, ಗ್ರಹಗಳಿಂದ ಹಿಡಿದು ಆನೆ, ಕುದುರೆ, ಆಯುಧಗಳವರೆಗೆ ಅನೇಕ ವಿಷಯಗಳನ್ನು ಅದರ ನೂರಾರು ಚಿತ್ರಗಳು ತೋರಿಸುತ್ತವೆ. ಆಕಾಶದ ನಕ್ಷತ್ರಕ್ಕೂ ಲಾಯದ ಪ್ರಾಣಿಗೂ ಒಂದೇ ಪುಸ್ತಕದಲ್ಲಿ ಸ್ಥಾನ ದೊರಕಿತು.

ಮುಂದೆ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಸಂಗೀತದಲ್ಲಿಯೂ ಚಿತ್ರಕಲೆಯಲ್ಲಿಯೂ ಆಸಕ್ತನಾಗಿದ್ದನು. ದಖ್ಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಇ-ನೌರಸ್' ಕೃತಿಯಲ್ಲಿ ದೇವತೆಗಳೊಂದಿಗೆ ಅವನ ಮೆಚ್ಚಿನ ಆನೆ ಆತಶ್ ಖಾನ್ ಹಾಗೂ ತಂಬೂರಿ ಮೋತಿ ಖಾನ್ ಕೂಡ ಬರುತ್ತವೆ. ನುಡಿಸುವ ವಾದ್ಯಕ್ಕೊಂದು ಹೆಸರಿಟ್ಟು ಕರೆದ ಅರಸನಿವನು! 1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗನು ಬಿಜಾಪುರದ ಪೇಟೆಯನ್ನು ಕಂಡು ಬೆರಗಾದನು. ಪ್ರತಿಯೊಂದು ಅಂಗಡಿಯ ಮುಂದೆ ಹಸಿರು ಮರವೊಂದಿತ್ತೆಂದೂ ಬೀದಿ ಬಹಳ ಶುಚಿಯಾಗಿತ್ತೆಂದೂ ಬರೆದಿಟ್ಟನು.

ಇಂಥ ಸಿರಿಯ ನಗರದಲ್ಲಿ, ಸುಮಾರು 1625ರಲ್ಲಿ, ಹೆಸರು ತಿಳಿಯದ ಚಿತ್ರಕಾರನೊಬ್ಬನು ಒಂದು ಕುದುರೆಯನ್ನೂ ಅದರ ಸವಾರನನ್ನೂ ಬರೆದನು. ಅರಮನೆಯ ಲಾಯದ ಕೊಬ್ಬಿದ, ಜೀನು ಹೊದಿಸಿದ ಕುದುರೆಯಲ್ಲ ಅದು. ಪಕ್ಕೆಲುಬುಗಳನ್ನು ಎಣಿಸಬಹುದಾದ, ಹಸಿದು ಬಡಕಲಾದ ಕುದುರೆ. ಬಿಜಾಪುರದ್ದೆಂದು ಗುರುತಿಸಲಾದ ಆ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ.

ಅದರ ಕಾಗದವೂ ಸಾಮಾನ್ಯವಾದುದಲ್ಲ. ಅದಕ್ಕೆ 'ಅಬ್ರಿ' ಎಂದು ಹೆಸರು. ಪಾರಸಿಯಲ್ಲಿ ಮೋಡದಂಥದು ಎಂದರ್ಥ. ಅಗಲವಾದ ತಟ್ಟೆಯಲ್ಲಿ ಅಂಟು ಬೆರೆಸಿ ಮಂದಗೊಳಿಸಿದ ನೀರನ್ನು ತುಂಬುತ್ತಾರೆ. ಅದರ ಮೇಲೆ ಬಣ್ಣದ ಹನಿಗಳನ್ನು ತೇಲಿಬಿಟ್ಟು, ಸೂಜಿಯಿಂದಲೋ ಬಾಚಣಿಗೆಯಿಂದಲೋ ಮೆಲ್ಲನೆ ಎಳೆಯುತ್ತಾರೆ. ಬಳಿಕ ಕಾಗದವನ್ನು ಮೇಲೆ ಹಾಸಿ ಎತ್ತಿದರೆ ಬಣ್ಣದ ಅಲೆಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಒಮ್ಮೆ ಮೂಡಿದ ವಿನ್ಯಾಸ ಮತ್ತೊಮ್ಮೆ ಮೂಡುವುದಿಲ್ಲ. ಅರ್ಧ ಕೆಲಸ ಮನುಷ್ಯನದು, ಉಳಿದರ್ಧ ನೀರಿನದು. ನೀರು ಕೊಟ್ಟದ್ದನ್ನು ವಿನಯದಿಂದ ಸ್ವೀಕರಿಸಿ, ಅದರಲ್ಲಿ ಚಿತ್ರವನ್ನು ಕಾಣುವುದೇ ಈ ಕಲೆಯ ಗುಟ್ಟು.

ಬಡಕಲು ಕುದುರೆಯ ಚಿತ್ರಣ ಪಾರಸಿ ಕಲೆಯಲ್ಲಿ ಮೊದಲೇ ಇತ್ತು. ಉಪವಾಸದಿಂದ ಹದಕ್ಕೆ ಬಂದ ಮನುಷ್ಯನ ದೇಹವಾಸನೆಯ ಸಂಕೇತವೆಂದು ಕೆಲವು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. ಸೂಫಿ ಸಂತರ ನೆಲೆಯಾಗಿದ್ದ ಬಿಜಾಪುರಕ್ಕೆ ಆ ಅರ್ಥ ಹೊಂದುತ್ತದೆ. ತಪಸ್ಸುಕಾಲವನ್ನು ಆಚರಿಸುವ ನಮಗೂ ಅದು ಅಪರಿಚಿತವಲ್ಲ. ಆದರೆ ಸಂಕೇತವೆಂದು ಹೇಳಿ ಮುಗಿಸಿದರೆ ಸಾಲದು. ಅಂಥ ಮೂಳೆಗಳನ್ನು ಬರೆಯಬೇಕಾದರೆ ಚಿತ್ರಕಾರನು ನಿಜವಾದ ಹಸಿದ ಪ್ರಾಣಿಯನ್ನು ಎಂದಾದರೂ ಬಹಳ ಹೊತ್ತು, ಮುಖ ತಿರುಗಿಸದೆ, ನೋಡಿರಬೇಕಲ್ಲವೇ? ಬೀದಿಯಲ್ಲಿ ಎದುರಾದರೆ ನಾವು ದಾಟಿ ಹೋಗುವ ಜೀವವನ್ನು ಅವನು ಅರಸನ ಆನೆಗೆ ಸಲ್ಲುವ ಗೌರವದಿಂದಲೇ ಬರೆದನು.

ದಿನಬಳಕೆಯ ವಸ್ತುಗಳಲ್ಲಿ ಸೊಬಗನ್ನು ಕಂಡ ಕಣ್ಣುಗಳು ಆ ಕಾಲದಲ್ಲಿ ಬೇರೆಡೆಯೂ ಇದ್ದವು. ಹಾಲೆಂಡಿನ ಹಾರ್ಲೆಮ್ ನಗರದಲ್ಲಿ ಹದಿನೇಳನೆಯ ಶತಮಾನದ ಚಿತ್ರಕಾರರು ಮೇಜಿನ ಮೇಲಿನ ರೊಟ್ಟಿ, ಗಾಜಿನ ಲೋಟ, ಅರ್ಧ ಸುಲಿದ ನಿಂಬೆಹಣ್ಣುಗಳನ್ನೇ ಚಿತ್ರವಾಗಿಸಿದರು. ಅದೇ ಹಾರ್ಲೆಮ್‌ನಿಂದ ಬಂದ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರನು 1610ರಿಂದ ಇಬ್ರಾಹಿಮನ ಆಸ್ಥಾನದಲ್ಲಿದ್ದನು. ಮುಂದೆ ಮುಹಮ್ಮದ್ ಆದಿಲ್‌ಶಾಹನು 1646ರ ಸುಮಾರಿಗೆ ಕಟ್ಟಿಸಿದ ಅಸರ್ ಮಹಲಿನ ಮೇಲಂತಸ್ತಿನ ಗೋಡೆಗಳಲ್ಲಿ ಹೂದಾನಿಗಳೂ ಹೂಬಳ್ಳಿಗಳೂ ಮೂಡಿದವು. ಸಿಂದಗಿಯ ದಾರಿಯಲ್ಲಿರುವ ಕುಮಟಗಿಯ ಜಲಮಂಟಪದ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರೂ ಕುಸ್ತಿಯಾಡುವವರೂ ಚಿತ್ರಿತರಾದರು. ಮಳೆ, ಬಿಸಿಲು, ನಿರ್ಲಕ್ಷ್ಯಗಳಿಗೆ ಸಿಕ್ಕಿ ಆ ಬಣ್ಣಗಳು ಬಹಳಷ್ಟು ಮಾಸಿಹೋಗಿವೆ.

ಗೋಲಗುಮ್ಮಟಕ್ಕೆ ಮಕ್ಕಳನ್ನು ಕರೆದೊಯ್ಯದ ಕುಟುಂಬ ನಮ್ಮಲ್ಲಿ ವಿರಳ. ಅಲ್ಲಿ ಕೂಗಿ, ಮರುದನಿ ಕೇಳಿ ಹಿಂದಿರುಗುತ್ತೇವೆ. ಇನ್ನೊಮ್ಮೆ ಹೋದಾಗ ಕುಮಟಗಿಗೂ ಹೋಗಿ, ಅಲ್ಲಿ ಕೂಗದೆ, ಸುಮ್ಮನೆ ನಿಂತು ನೋಡಬಾರದೇ? ಅಲ್ಲಿನ ಗೋಡೆಯ ಮೇಲೆ ನಮ್ಮ ಹೆಸರನ್ನು ಗೀಚಬಾರದೆಂದು ಮಕ್ಕಳಿಗೆ ಹೇಳಿಕೊಡೋಣ. ತನ್ನ ಹೆಸರನ್ನೇ ಬರೆಯದ ಚಿತ್ರಕಾರನಿಗೆ ನಾವು ಸಲ್ಲಿಸಬಹುದಾದ ಕನಿಷ್ಠ ಮರ್ಯಾದೆ ಅದು.

ಹೊಲದ ಹೂವು, ಗುಬ್ಬಿ, ಹಿಟ್ಟಿನ ಹುಳಿ, ಕಳೆದುಹೋದ ಒಂದು ನಾಣ್ಯ, ಇವುಗಳನ್ನೇ ತೋರಿಸಿ ಪ್ರಭು ಯೇಸು ಸ್ವರ್ಗಸಾಮ್ರಾಜ್ಯವನ್ನು ಬೋಧಿಸಿದರು. ಸಣ್ಣದನ್ನು ಗೌರವದಿಂದ ನೋಡಲು ಕಲಿತವನು ಬಡವನನ್ನೂ ಹಾಗೆಯೇ ನೋಡಬಲ್ಲನು. ತಾಳಿಕೋಟೆಯ ಕಾಳಗವನ್ನು ಗೆದ್ದವರ ರಾಜ್ಯವೂ 1686ರಲ್ಲಿ ಔರಂಗಜೇಬನ ಕೈಸೇರಿತು. ಗೆದ್ದವರೂ ಹೋದರು, ಸೋತವರೂ ಹೋದರು. ಹೊಟ್ಟೆಗಿಲ್ಲದ ಒಂದು ಕುದುರೆ ಮಾತ್ರ ನಾಲ್ಕು ಶತಮಾನಗಳಿಂದ ತಲೆತಗ್ಗಿಸಿ ನಡೆಯುತ್ತಲೇ ಇದೆ, ಅದನ್ನು ಒಬ್ಬನು ಕರುಣೆಯಿಂದ ನೋಡಿದ್ದಕ್ಕಾಗಿ.