ವಾಹನ ನಿಲುಗಡೆ ತಾಣದ ಪಾದಚಾರಿ ಮಾರ್ಗ

ವಾಹನ ನಿಲ್ಲಿಸಿ ಇಳಿದವರು ಕಟ್ಟಡದ ಬಾಗಿಲಿಗೂ ಹೊರರಸ್ತೆಗೂ ಗಾಡಿಗಳ ನಡುವೆ ಸಿಕ್ಕಿಕೊಳ್ಳದೆ ನಡೆದುಹೋಗಲು ಮೀಸಲಿಟ್ಟ ದಾರಿ. ನಿಲುಗಡೆ ತಾಣದಲ್ಲಿ ವೇಗ ಕಡಿಮೆ, ಅಪಾಯ ಮಾತ್ರ ಕಡಿಮೆಯಲ್ಲ. ರಿವರ್ಸ್ ತೆಗೆಯುವ ಕಾರಿನ ಹಿಂದೆ ನಿಂತ ಪುಟ್ಟ ಮಗು ಚಾಲಕನ ಕನ್ನಡಿಗೆ ಕಾಣುವುದೇ ಇಲ್ಲ.

ಜನ ಬಾಗಿಲು ಕಂಡ ಕಡೆಗೆ ನೇರವಾಗಿ ನಡೆಯುತ್ತಾರೆ. ಸುತ್ತುಬಳಸಿನ ದಾರಿ ಎಷ್ಟೇ ಚೆನ್ನಾಗಿದ್ದರೂ ಖಾಲಿ ಬಿದ್ದಿರುತ್ತದೆ. ಹೀಗಾಗಿ ಸಾಲುಗಳನ್ನು ಬಾಗಿಲಿನತ್ತ ಚಾಚುವಂತೆ ಹಾಕಿ, ಎರಡು ಸಾಲುಗಳ ನಡುವೆ ಎತ್ತರಿಸಿದ ಕಾಲುದಾರಿ ಕೊಡುವುದೇ ಒಳ್ಳೆಯ ವಿನ್ಯಾಸ. ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಬೇಕು. ನಕ್ಷೆಯಲ್ಲಿ ಇಷ್ಟು ತೋರಿಸಿದರೆ ಸಾಲದು. ಚಕ್ರ ಅಂಚುಕಲ್ಲಿಗೆ ತಾಗಿ ನಿಂತಾಗ ಕಾರಿನ ಮೂತಿ ಸುಮಾರು ಎರಡು ಅಡಿ ದಾರಿಯ ಮೇಲೆ ಚಾಚಿಕೊಳ್ಳುತ್ತದೆ. ಚಕ್ರತಡೆಯನ್ನು ಅಷ್ಟು ಹಿಂದಕ್ಕೆ ಕೂರಿಸಬೇಕು, ಇಲ್ಲವೇ ದಾರಿಯನ್ನೇ ಅಗಲಿಸಬೇಕು.

ಅಂಗವಿಕಲರ ನಿಲುಗಡೆ ಜಾಗ ಬಾಗಿಲಿನಿಂದ 30 ಮೀಟರ್ ಒಳಗಿದ್ದು, ಗಾಲಿಕುರ್ಚಿ ಇಳಿಸಲು ಪಕ್ಕದಲ್ಲಿ 1.2 ಮೀಟರ್ ತೆರಪು ಬೇಕು. ಇಳಿಜಾರು 1:12 ಮೀರಬಾರದು. ವಾಹನದ ಹಾದಿಯನ್ನು ದಾಟುವಲ್ಲಿ ಬರೀ ಬಣ್ಣದ ಪಟ್ಟೆಗಿಂತ ಎತ್ತರಿಸಿದ ದಾಟುಹಾದಿ ಮೇಲು, ಏಕೆಂದರೆ ಅದು ಚಾಲಕನ ವೇಗವನ್ನು ಇಳಿಸಿಯೇ ತೀರುತ್ತದೆ.

ನಮ್ಮ ಊರುಗಳಲ್ಲಿ ಹೆಚ್ಚು ಕಡೆಗಣಿಸಿದ ಜಾಗ ಗೇಟು. ಕಾರು ಒಳಬರಲೆಂದು ಅಲ್ಲಿ ಫುಟ್‌ಪಾತನ್ನೇ ತಗ್ಗಿಸುತ್ತಾರೆ. ವಯಸ್ಸಾದವರು ಪ್ರತಿ ಗೇಟಿನಲ್ಲೂ ಇಳಿದು ಹತ್ತಬೇಕು. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿದು, ಏರಿ ಇಳಿಯುವ ಕೆಲಸ ಕಾರಿನದಾಗಬೇಕು.