ಶಾಫ್ಟ್ಸ್‌ಬರಿಯ ಕಾಯಿದೆಗಳೂ ಬೀದರ ಸೀಮೆಯೂ

ಲಾರ್ಡ್ ಶಾಫ್ಟ್ಸ್‌ಬರಿಯವರನ್ನು ನಾವು ಸಭಾಚರಿತ್ರೆಯಲ್ಲಿ ದೀನಬಂಧುವೆಂದೇ ಓದುತ್ತೇವೆ. ಸುವಾರ್ತಾನಿಷ್ಠರಾದ ಈ ಕನ್ಸರ್ವೇಟಿವ್ ನಾಯಕರಿಂದ 1842ರಲ್ಲಿ ಸ್ತ್ರೀಯರಿಗೂ ಹತ್ತು ವರ್ಷದೊಳಗಿನ ಬಾಲಕರಿಗೂ ಗಣಿಯೊಳಗಿನ ದುಡಿಮೆ ತಪ್ಪಿತು. ಆದರೆ 1831ರಲ್ಲಿ ಅವರು ಡಾರ್ಸೆಟ್ ಉಪಚುನಾವಣೆಯನ್ನು ಗೆದ್ದದ್ದು ಮತಾಧಿಕಾರ ವಿಸ್ತರಣೆಯ ವಿರೋಧಿಯಾಗಿ. ಬಡವನನ್ನು ಕಾಯಬೇಕು, ಅವನ ಕೈಗೆ ಅಧಿಕಾರ ಕೊಡಬೇಕಿಲ್ಲ! ಈ ಅರ್ಧವನ್ನು ನಮ್ಮ ಪಾಠಗಳು ಬಿಟ್ಟುಬಿಡುತ್ತವೆ.

ಭಾರತದ ಗಿರಣಿಗಳ ಮಕ್ಕಳಿಗಾಗಿಯೂ ಅವರು ಲಾರ್ಡ್ಸ್ ಸಭೆಯಲ್ಲಿ ದನಿಯೆತ್ತಿದರು. 1881ರಲ್ಲಿ ಕಾರ್ಖಾನೆ ಕಾಯಿದೆ ಬಂದಿತು. ನಿಜಾಮನ ಆಳ್ವಿಕೆಯ ಬೀದರ, ಭಾಲ್ಕಿ, ಔರಾದಗಳಿಗೆ ಅದು ಅನ್ವಯಿಸಲಿಲ್ಲ. ಸಾಲಕ್ಕಾಗಿ ಒಡೆಯನ ಹೊಲದಲ್ಲಿ ದುಡಿಯುವ ‘ಭಗೇಲಾ’ ಕರಾರುಗಳಿಗೆ ಹೈದರಾಬಾದ್ ಸಂಸ್ಥಾನ ಕಡಿವಾಣ ಹಾಕಿದ್ದು 1936ರಲ್ಲಿ. ಅದೂ ಮೇಲಿನಿಂದಿಳಿದ ಕರುಣೆಯೇ. ಇಲ್ಲಿಯ ಕೂಲಿಯಾಳು ಮೊದಲ ಮಹಾಚುನಾವಣೆಯಲ್ಲಿ ಒಡೆಯನಿಗೆ ಸಮನಾಗಿ ಮತ ಹಾಕಿದನು. ಜೀತವನ್ನು ರದ್ದುಗೊಳಿಸುವ ಕಾಯಿದೆಯನ್ನು 1976ರಲ್ಲಿ ಮಾಡಿದ್ದು ಚುನಾಯಿತ ಸಂಸತ್ತು.